ಧೂಳಿನ ಕಣದ ಮೇಲೆ ಐಸ್ ಹುಟ್ಟುವುದನ್ನು ಅಳೆಯುವುದು ಹೇಗೆ: ಹನಿ ಪ್ರಯೋಗದ ಸಮಗ್ರ ಮಾರ್ಗದರ್ಶಿ

ನೀರು ಸೊನ್ನೆ ಡಿಗ್ರಿಗೆ ಐಸ್ ಆಗುತ್ತದೆ ಅಂತ ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಮೋಡದಲ್ಲಿ ಹಾಗೆ ಆಗುವುದಿಲ್ಲ. ಶುದ್ಧ ನೀರಿನ ಸಣ್ಣ ಹನಿ ಮೈನಸ್ 10ಕ್ಕೆ ಇಳಿದರೂ ನೀರಾಗಿಯೇ ಇರುತ್ತದೆ, ಮೈನಸ್ 30ಕ್ಕೂ ಹಾಗೇ. ಸುಮಾರು ಮೈನಸ್ 38ರ ಹತ್ತಿರ ಬಂದಾಗ ಮಾತ್ರ ಅದು ಯಾರ ಸಹಾಯವೂ ಇಲ್ಲದೆ ಗಟ್ಟಿಯಾಗುತ್ತದೆ. ಅದಕ್ಕಿಂತ ಮೊದಲೇ ಐಸ್ ಆಗಬೇಕಾದರೆ ಒಳಗೊಂದು ಕಣ ಬೇಕು, ಹಾಲಿಗೆ ಹೆಪ್ಪು ಬೇಕಾದ ಹಾಗೆ. ಮರುಭೂಮಿಯಿಂದ ಮೇಲೆದ್ದ ಖನಿಜ ಧೂಳು ಈ ಕೆಲಸ ಮಾಡುವ ಕಣಗಳಲ್ಲಿ ಬಹಳ ಮುಖ್ಯವಾದದ್ದು.

ಇದನ್ನು ಓದಿ ನಂಬುವುದಕ್ಕಿಂತ ಅಳೆದು ನೋಡುವುದು ಒಳ್ಳೆಯದು. ಕಾಲೇಜು ಲ್ಯಾಬ್ ಇದ್ದರೆ ಆರಾಮಾಗಿ ಮಾಡಬಹುದು. ಸ್ವಲ್ಪ ತಾಳ್ಮೆ ಇದ್ದರೆ ಮನೆಯಲ್ಲೂ ಆಗುತ್ತದೆ. ದೊಡ್ಡ ಸಂಶೋಧನಾ ಕೇಂದ್ರಗಳು ಇವತ್ತಿಗೂ ಬಳಸುವ ವಿಧಾನದ ಮೂಲ ರೂಪ ಇದೇ: ಧೂಳು ಬೆರೆಸಿದ ನೀರಿನ ಹತ್ತಾರು ಹನಿಗಳನ್ನು ತಣ್ಣನೆಯ ತಟ್ಟೆಯ ಮೇಲೆ ಇಟ್ಟು, ಯಾವ ಹನಿ ಯಾವ ಉಷ್ಣಾಂಶದಲ್ಲಿ ಗಟ್ಟಿಯಾಯಿತು ಅಂತ ಬರೆದುಕೊಳ್ಳುವುದು. ಲೆಕ್ಕದ ಬುನಾದಿ ಹಾಕಿದವರು ಮೋಡಗಳ ವಿಜ್ಞಾನಿ ಗೇಬರ್ ವಾಲಿ, 1971ರಲ್ಲಿ.

ಮೊದಲು: ಒಳಗೆ ಏನು ನಡೆಯುತ್ತದೆ

ತಣ್ಣಗಾದ ನೀರಿನಲ್ಲಿ ಅಣುಗಳು ಆಗಾಗ ಐಸ್‌ನ ಜೋಡಣೆಗೆ ಬಂದು ಸೇರುತ್ತವೆ, ಮತ್ತೆ ಬಿಡಿಬಿಡಿಯಾಗುತ್ತವೆ. ಈ ಪುಟ್ಟ ಗುಂಪು ಕೆಲವು ನ್ಯಾನೋಮೀಟರ್ ಗಾತ್ರ ದಾಟಿದರೆ ಮಾತ್ರ ಉಳಿಯುತ್ತದೆ, ಬೆಳೆಯುತ್ತದೆ. ಅದಕ್ಕಿಂತ ಚಿಕ್ಕದಾದರೆ ಕರಗಿಹೋಗುತ್ತದೆ. ಚಳಿ ಜಾಸ್ತಿಯಾದಷ್ಟೂ ದಾಟಬೇಕಾದ ಗಾತ್ರ ಕಡಿಮೆ. ಖನಿಜದ ಮೇಲ್ಮೈಯಲ್ಲಿ ಸರಿಯಾದ ಜಾಗ ಸಿಕ್ಕರೆ ನೀರಿನ ಅಣುಗಳು ಅಲ್ಲಿ ಒರಗಿಕೊಂಡು ಸುಲಭವಾಗಿ ಆ ಗಾತ್ರ ಮುಟ್ಟುತ್ತವೆ.

ಇಲ್ಲಿ 'ಸರಿಯಾದ ಜಾಗ' ಅನ್ನುವುದೇ ಇಡೀ ಕಥೆ. ಕಣದ ಮೈಯೆಲ್ಲ ಐಸ್ ಹುಟ್ಟಿಸುವುದಿಲ್ಲ. ಎಲ್ಲೋ ಒಂದು ಬಿರುಕು, ಒಂದು ಮೆಟ್ಟಿಲಿನಂಥ ಅಂಚು, ಅಷ್ಟೇ. ಜರ್ಮನಿಯ ಕಾರ್ಲ್ಸ್‌ರೂಹೆಯ ಸಂಶೋಧಕರು 2016ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಕೆಲಸದಲ್ಲಿ ಫೆಲ್ಡ್‌ಸ್ಪಾರ್ ಅನ್ನುವ ಖನಿಜದ ಮೇಲೆ ಐಸ್ ಬೆಳೆಯುವುದನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡಿದರು. ಐಸ್ ಹರಳುಗಳು ಅಂಚು, ಬಿರುಕು, ಗುಳಿಗಳಲ್ಲೇ ಹುಟ್ಟಿದವು, ಅದೂ ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿಕೊಂಡು. ಕೆಳಗಿರುವ ಹರಳಿನ ಜೋಡಣೆಯೇ ಐಸ್‌ಗೆ ದಿಕ್ಕು ಕೊಡುತ್ತಿದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಾ?

ಧೂಳಿನಲ್ಲಿ ಜಾಸ್ತಿ ಇರುವುದು ಜೇಡಿ ಖನಿಜಗಳು. ಆದ್ದರಿಂದ ಬಹಳ ಕಾಲ ಎಲ್ಲರ ಗಮನವೂ ಅವುಗಳ ಮೇಲೇ ಇತ್ತು. 2013ರಲ್ಲಿ ಬ್ರಿಟನ್ನಿನ ಲೀಡ್ಸ್ ವಿಶ್ವವಿದ್ಯಾಲಯದ ತಂಡ ಒಂದೊಂದು ಖನಿಜವನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದಾಗ ಮುಂದೆ ಬಂದದ್ದು ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್. ಧೂಳಿನಲ್ಲಿ ಅದರ ಪಾಲು ಚಿಕ್ಕದು, ಕೆಲಸ ಮಾತ್ರ ದೊಡ್ಡದು. ನಮ್ಮ ಪ್ರಯೋಗದಲ್ಲೂ ಇದೇ ನಾಯಕ.

ಹೆಜ್ಜೆ 1: ಖನಿಜ ಹೊಂದಿಸಿಕೊಳ್ಳಿ

ಸಹಾರಾದ ಧೂಳು ಬೇಕಿಲ್ಲ. ಪಿಂಗಾಣಿ ಕೆಲಸದ ಸಾಮಾನು ಮಾರುವ ಅಂಗಡಿಗಳಲ್ಲಿ 'ಪೊಟ್ಯಾಶ್ ಫೆಲ್ಡ್‌ಸ್ಪಾರ್' ಅಂತ ಕೇಳಿದರೆ ಪುಡಿಯೇ ಸಿಗುತ್ತದೆ. ಹೋಲಿಕೆಗೆ ಕೆಯೊಲಿನ್ (ಬಿಳಿ ಜೇಡಿ) ಮತ್ತು ಕ್ವಾರ್ಟ್ಜ್ ಪುಡಿಯೂ ಅಲ್ಲೇ ಸಿಗುತ್ತದೆ. ಮುಲ್ತಾನಿ ಮಿಟ್ಟಿಯನ್ನೂ ಪಟ್ಟಿಗೆ ಸೇರಿಸಿಕೊಳ್ಳಿ, ಅದೂ ಜೇಡಿಯೇ.

ಕರ್ನಾಟಕದವರಿಗೆ ಇನ್ನೂ ಒಳ್ಳೆಯ ದಾರಿ ಇದೆ. ರಾಮನಗರದ ಬಂಡೆಗಳು ಕ್ಲೋಸ್‌ಪೇಟ್ ಗ್ರಾನೈಟ್. ಸುಮಾರು 250 ಕೋಟಿ ವರ್ಷ ಹಳೆಯದು. ಅದರಲ್ಲಿ ಎದ್ದು ಕಾಣುವ ಗುಲಾಬಿ ಬಣ್ಣದ ದೊಡ್ಡ ಹರಳುಗಳಿವೆಯಲ್ಲ, ಅವು ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್. ಬಂಡೆ ಒಡೆಯಲು ಹೋಗಬೇಡಿ. ಕಲ್ಲು ಕಟಿಂಗ್ ಯಾರ್ಡ್‌ನಲ್ಲಿ ಬಿದ್ದಿರುವ ಚೂರು ಕೇಳಿದರೆ ಕೊಡುತ್ತಾರೆ. ಗುಲಾಬಿ ಹರಳಿನಲ್ಲಿ ಕೂದಲೆಳೆಯಷ್ಟು ತೆಳುವಾದ ಬಿಳಿ ಗೆರೆಗಳು ಕಂಡರೆ ಅದನ್ನೇ ಆರಿಸಿ. ಬಿಸಿ ಶಿಲೆ ತಣ್ಣಗಾಗುವಾಗ ಸೋಡಿಯಂ ಭಾಗ ಪೊಟ್ಯಾಸಿಯಂ ಭಾಗದಿಂದ ಬೇರ್ಪಟ್ಟ ಗುರುತು ಅದು, ಪರ್ಥೈಟ್ ಅಂತಾರೆ. ಇಂಥ ಬೇರ್ಪಡೆ ಇರುವ ಫೆಲ್ಡ್‌ಸ್ಪಾರ್ ಐಸ್ ಹುಟ್ಟಿಸುವುದರಲ್ಲಿ ಹೆಚ್ಚು ಚುರುಕು ಅನ್ನುವುದು ಲೀಡ್ಸ್‌ನವರೇ ಮುಂದೆ ಕಂಡುಕೊಂಡದ್ದು.

ನೀರಿನ ವಿಷಯದಲ್ಲಿ ಜಿಪುಣತನ ಬೇಡ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಲದು, ಅದರಲ್ಲಿ ಏನೇನು ಕಣ ಇರುತ್ತವೋ ಹೇಳಲಾಗದು. ಮೆಡಿಕಲ್ ಶಾಪ್‌ನಲ್ಲಿ ಇಂಜೆಕ್ಷನ್‌ಗೆ ಬಳಸುವ ಸ್ಟೆರೈಲ್ ವಾಟರ್ ಆಂಪ್ಯೂಲ್ ಸಿಗುತ್ತದೆ. ಬೆಲೆ ಕಡಿಮೆ, ನೀರು ಶುದ್ಧ.

ಹೆಜ್ಜೆ 2: ಪುಡಿ ಮಾಡಿ, ಸೋಸಿ, ತೂಗಿ

ಕಲ್ಲನ್ನು ಒಣಗಿಸಿ ಅರೆಯಬೇಡಿ. ಗ್ರಾನೈಟ್‌ನಲ್ಲಿ ಕ್ವಾರ್ಟ್ಜ್ ಇದೆ, ಅದರ ನುಣ್ಣನೆ ಧೂಳು ಶ್ವಾಸಕೋಶಕ್ಕೆ ಹೋದರೆ ಶಾಶ್ವತ ಹಾನಿ. ಎನ್95 ಮಾಸ್ಕ್ ಹಾಕಿಕೊಂಡು, ಕಲ್ಲಿಗೆ ನೀರು ಸೇರಿಸಿ ಅರೆಯಿರಿ. ಅಡುಗೆಮನೆಯ ಒರಳು ಬೇಡ. ಅದರ ಸಂದಿಯಲ್ಲಿರುವ ಎಣ್ಣೆ, ಮಸಾಲೆ, ಬ್ಯಾಕ್ಟೀರಿಯಾ ಎಲ್ಲ ಮಾದರಿಗೆ ಬರುತ್ತವೆ. ಲ್ಯಾಬ್‌ನ ಅಗೇಟ್ ಒರಳು ಸಿಕ್ಕರೆ ಸರಿ, ಇಲ್ಲದಿದ್ದರೆ ಅಂಗಡಿ ಪುಡಿಯೇ ಸುಲಭ.

ಇನ್ನು ಗಾತ್ರ. ಗಾಳಿಯಲ್ಲಿ ದೂರ ಹೋಗುವ ಧೂಳು ಬಹುತೇಕ ಕೆಲವೇ ಮೈಕ್ರೋಮೀಟರ್ ದಪ್ಪ. ನಮಗೂ ಅಂಥದ್ದೇ ಬೇಕು. ಪುಡಿಯನ್ನು ಉದ್ದನೆಯ ಗಾಜಿನ ಲೋಟದಲ್ಲಿ ನೀರಿಗೆ ಕಲಸಿ, ನೀರು 10 ಸೆಂಟಿಮೀಟರ್ ಎತ್ತರ ಇರಲಿ, 70 ನಿಮಿಷ ಅಲುಗಾಡಿಸದೆ ಬಿಡಿ. 5 ಮೈಕ್ರೋಮೀಟರ್‌ಗಿಂತ ದಪ್ಪ ಇರುವುದೆಲ್ಲ ಅಷ್ಟರಲ್ಲಿ ತಳ ಸೇರಿರುತ್ತದೆ. ಮೇಲಿನ ಹಾಲುಬಣ್ಣದ ನೀರನ್ನು ಮೆಲ್ಲಗೆ ತೆಗೆದುಕೊಳ್ಳಿ. ತಳ ಕಲಕಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಈ ನೀರಿನಲ್ಲಿ ಎಷ್ಟು ಪುಡಿ ಇದೆ? 50 ಮಿಲಿಲೀಟರ್ ತೆಗೆದು, ಮೊದಲೇ ತೂಗಿಟ್ಟ ತಟ್ಟೆಯಲ್ಲಿ ಪೂರ್ತಿ ಒಣಗಿಸಿ, ಮತ್ತೆ ತೂಗಿ. 50 ಮಿಲಿಗ್ರಾಂ ಜಾಸ್ತಿ ಬಂದರೆ ಮಿಲಿಲೀಟರ್‌ಗೆ 1 ಮಿಲಿಗ್ರಾಂ, ಅಂದರೆ 0.1 ಶೇಕಡಾ. ನಮ್ಮ ಗುರಿ ಇದೇ. ಹೆಚ್ಚಿದ್ದರೆ ನೀರು ಸೇರಿಸಿ ತೆಳು ಮಾಡಿ. ಇದರಿಂದಲೇ ಹತ್ತು ಪಟ್ಟು ತೆಳು, ನೂರು ಪಟ್ಟು ತೆಳು ಇನ್ನೆರಡು ದ್ರಾವಣ ಮಾಡಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಒಂದೇ ದಿನ ಮಾಡಿ ಒಂದೇ ದಿನ ಬಳಸುವುದು ಒಳ್ಳೆಯದು. ಹೊಸದಾಗಿ ಅರೆದ ಕ್ವಾರ್ಟ್ಜ್‌ ಅಂತೂ ನೀರಿನಲ್ಲಿ ಬಿಟ್ಟರೆ ದಿನ ಕಳೆದಂತೆ ಚುರುಕು ಕಳೆದುಕೊಳ್ಳುತ್ತದೆ.

ಹೆಜ್ಜೆ 3: ತಣ್ಣನೆಯ ತಟ್ಟೆ

ಮೂರು ದಾರಿ ಇವೆ, ಯಾವುದು ನಿಮ್ಮ ಕೈಗೆಟುಕುತ್ತದೋ ನೋಡಿ.

ಮೊದಲನೆಯದು ಐಸ್ ಮತ್ತು ಉಪ್ಪು. ಪುಡಿ ಮಾಡಿದ ಐಸ್ ಮೂರು ಪಾಲು, ಉಪ್ಪು ಒಂದು ಪಾಲು. ಸಿದ್ಧಾಂತದಲ್ಲಿ ಮೈನಸ್ 21ರವರೆಗೆ ಇಳಿಯುತ್ತದೆ, ಮೇಲಿಟ್ಟ ತಟ್ಟೆ ಮೈನಸ್ 15ರ ಆಸುಪಾಸು ಹೋದರೆ ಚೆನ್ನಾಗಿ ಕೆಲಸ ಮಾಡಿದೆ ಅಂತ ಲೆಕ್ಕ. ಫೆಲ್ಡ್‌ಸ್ಪಾರ್ ನೋಡಲು ಇಷ್ಟು ಸಾಕು. ಎರಡನೆಯದು ಪೆಲ್ಟಿಯರ್ ಮಾಡ್ಯೂಲ್, ಕರೆಂಟ್ ಕೊಟ್ಟರೆ ಒಂದು ಬದಿ ತಣ್ಣಗೂ ಇನ್ನೊಂದು ಬದಿ ಬಿಸಿಯೂ ಆಗುವ ಚಪ್ಪಟೆ ಬಿಲ್ಲೆ, ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ ಸುಲಭವಾಗಿ ಸಿಗುವ ವಸ್ತು. ಅದರ ಬಿಸಿ ಬದಿಯನ್ನು ಐಸ್ ನೀರು ಹರಿಯುವ ಬ್ಲಾಕ್‌ನಿಂದ ತಣ್ಣಗಿಡಬೇಕು, ಇಲ್ಲದಿದ್ದರೆ ತಣ್ಣನೆ ಬದಿಯೂ ಬಿಸಿಯಾಗುತ್ತದೆ. ವೋಲ್ಟೇಜ್ ತಿರುಗಿಸಿ ಚಳಿಯ ವೇಗ ಹಿಡಿತದಲ್ಲಿಡಬಹುದು ಅನ್ನುವ ಕಾರಣಕ್ಕೆ ನನ್ನ ಓಟು ಇದಕ್ಕೇ. ಮೂರನೆಯದು ಡ್ರೈ ಐಸ್, ಅಂದರೆ ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್. ತುಂಬ ತಣ್ಣಗೆ ಹೋಗಬಹುದು, ಆದರೆ ಗ್ಲೌಸ್, ಕಿಟಕಿ ತೆರೆದ ಕೋಣೆ, ಜೊತೆಗೆ ಅನುಭವ ಇರುವವರು ಬೇಕು. ಶಾಲಾ ಮಕ್ಕಳ ಜೊತೆ ಬೇಡ.

ಯಾವುದೇ ಆದರೂ ಮೇಲೆ ದಪ್ಪ ಅಲ್ಯುಮಿನಿಯಂ ತಟ್ಟೆ ಇರಲಿ. ದಪ್ಪ ತಟ್ಟೆಯಲ್ಲಿ ಉಷ್ಣಾಂಶ ಎಲ್ಲ ಕಡೆ ಒಂದೇ ಇರುತ್ತದೆ. ಅದರ ಮೇಲೆ ಅಲ್ಯುಮಿನಿಯಂ ಫಾಯಿಲ್, ಫಾಯಿಲ್ ಮೇಲೆ ವ್ಯಾಸಲೀನ್‌ನ ತೆಳು ಪದರ. ಫಾಯಿಲ್ ಅಡಿಯಲ್ಲಿ ಗಾಳಿ ಉಳಿಯದಂತೆ ಕಂಪ್ಯೂಟರ್‌ಗೆ ಹಾಕುವ ಥರ್ಮಲ್ ಪೇಸ್ಟ್ ಸವರಿ.

ಥರ್ಮಾಮೀಟರ್ ಸೆನ್ಸರ್ ತಟ್ಟೆಯೊಳಗೆ ಸೇರಿರಬೇಕು. ತಟ್ಟೆಯ ಬದಿಯಲ್ಲಿ ಸಣ್ಣ ತೂತು ಕೊರೆಸಿ, ಸೆನ್ಸರ್ ತುದಿ ಹನಿಗಳ ಕೆಳಗೆ ಬರುವಂತೆ ಇಡಿ. ಪ್ಲಾಟಿನಂ ಬಳಸುವ ಪಿಟಿ100 ಸೆನ್ಸರ್ ಇದ್ದರೆ ಉತ್ತಮ. ಅಗ್ಗದ ಕೆ-ಟೈಪ್ ಥರ್ಮೋಕಪಲ್ ಎರಡು ಡಿಗ್ರಿ ಆಚೀಚೆ ತೋರಿಸಬಹುದು, ಈ ಪ್ರಯೋಗದಲ್ಲಿ ಎರಡು ಡಿಗ್ರಿ ಅಂದರೆ ಬಹಳ. ಯಾವುದಾದರೂ ಸರಿ, ಶುರುವಿಗೆ ಮುಂಚೆ ಕರಗುತ್ತಿರುವ ಐಸ್ ಮತ್ತು ನೀರಿನ ಮಿಶ್ರಣದಲ್ಲಿ ಅದ್ದಿ ಸೊನ್ನೆ ತೋರಿಸುತ್ತದಾ ನೋಡಿ.

ಹೆಜ್ಜೆ 4: ಹನಿ ಇಡುವುದು

ಮೈಕ್ರೋಪಿಪೆಟ್ ಇದ್ದರೆ 2 ಮೈಕ್ರೋಲೀಟರ್ ಹನಿ. ಇಲ್ಲದಿದ್ದರೆ ಇನ್ಸುಲಿನ್ ಸಿರಿಂಜ್. ಕಿತ್ತಳೆ ಮುಚ್ಚಳದ ಯು-100 ಸಿರಿಂಜ್‌ನಲ್ಲಿ ಒಂದು ಗೆರೆಯ ಯೂನಿಟ್ 10 ಮೈಕ್ರೋಲೀಟರ್, ಕೆಂಪು ಮುಚ್ಚಳದ ಯು-40ರಲ್ಲಿ 25. ದೊಡ್ಡ ಹನಿಯಾದರೂ ಪ್ರಯೋಗ ನಡೆಯುತ್ತದೆ, ಲೆಕ್ಕದಲ್ಲಿ ಸಂಖ್ಯೆ ಬದಲಾಗಬೇಕು ಅಷ್ಟೇ. ಆದರೆ ದೊಡ್ಡ ಹನಿಯ ತಲೆ ತಟ್ಟೆಗಿಂತ ಬೆಚ್ಚಗಿರುತ್ತದೆ, ನೀರಿನಲ್ಲಿರುವ ಕೊಳೆ ಸಿಕ್ಕಿಹಾಕಿಕೊಳ್ಳುವ ಅವಕಾಶವೂ ಜಾಸ್ತಿ.

ಪ್ರತಿ ಸಲ ಹೀರುವ ಮೊದಲು ಬಾಟಲಿ ಅಲ್ಲಾಡಿಸಿ. ಪುಡಿ ತಳಕ್ಕೆ ಇಳಿಯುತ್ತಲೇ ಇರುತ್ತದೆ, ಮೊದಲ ಹನಿಗೂ ಕೊನೆಯ ಹನಿಗೂ ಸಮ ಪಾಲು ಸಿಗಬೇಕಲ್ವಾ. 40 ಹನಿ ಇಡಿ. 20 ಫೆಲ್ಡ್‌ಸ್ಪಾರ್, 20 ಬರೀ ನೀರು ಅಂತ ಹಂಚಬೇಡಿ. ಮೊದಲ ಸುತ್ತು ಪೂರ್ತಿ ಬರೀ ನೀರು, ಎರಡನೆಯ ಸುತ್ತು ಫೆಲ್ಡ್‌ಸ್ಪಾರ್. ಹನಿಗಳ ನಡುವೆ ಕನಿಷ್ಠ 5 ಮಿಲಿಮೀಟರ್ ಜಾಗ ಬಿಡಿ.

ಆ ಜಾಗ ಯಾಕೆ ಅಂದರೆ, ಗಟ್ಟಿಯಾದ ಹನಿಯ ಸುತ್ತ ಮಂಜಿನ ಹರಳು ಫಾಯಿಲ್ ಮೇಲೆ ಹಬ್ಬಲು ಶುರುವಾಗುತ್ತದೆ. ಅದು ಪಕ್ಕದ ಹನಿಗೆ ತಾಗಿದರೆ ಆ ಹನಿ ಧೂಳಿನಿಂದಲ್ಲ, ಮಂಜು ತಾಗಿದ್ದರಿಂದ ಗಟ್ಟಿಯಾಗುತ್ತದೆ. ಈ ಸುಳ್ಳು ಲೆಕ್ಕ ತಪ್ಪಿಸಲು ಮೇಲೆ ಪಾರದರ್ಶಕ ಡಬ್ಬಿ ಮುಚ್ಚಿ, ಒಳಗೆ ಸಿಲಿಕಾ ಜೆಲ್ ಇಡಿ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಇದಿಲ್ಲದೆ ಪ್ರಯೋಗ ಮಾಡಲೇ ಆಗುವುದಿಲ್ಲ.

ಹೆಜ್ಜೆ 5: ತಣ್ಣಗಾಗಿಸಿ, ನೋಡಿ

ನಿಮಿಷಕ್ಕೆ ಸುಮಾರು 1 ಡಿಗ್ರಿ ಇಳಿಯಲಿ. ಐಸ್-ಉಪ್ಪಿನ ತಟ್ಟೆ ಅವಸರ ಮಾಡಿದರೆ ಕೆಳಗೆ ನಾಲ್ಕು ಪದರ ದಿನಪತ್ರಿಕೆ ಹಾಕಿ. ವೇಗ ಅಷ್ಟಿಷ್ಟು ಹೆಚ್ಚುಕಡಿಮೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಫೆಲ್ಡ್‌ಸ್ಪಾರ್‌ಗೆ ವೇಗ ಹತ್ತು ಪಟ್ಟು ಬದಲಾದರೂ ಫಲಿತಾಂಶ ಒಂದು ಡಿಗ್ರಿಯಷ್ಟೂ ಜರುಗುವುದಿಲ್ಲ. ತಟ್ಟೆಯ ಉಷ್ಣಾಂಶ ತಪ್ಪಾಗಿ ಓದುವುದು ಅದಕ್ಕಿಂತ ದೊಡ್ಡ ಅಪಾಯ.

ಮೊಬೈಲನ್ನು ಸ್ಟ್ಯಾಂಡ್‌ಗೆ ಹಾಕಿ ವಿಡಿಯೋ ಮಾಡಿ, ಥರ್ಮಾಮೀಟರ್‌ನ ಡಿಸ್‌ಪ್ಲೇ ಕೂಡ ಅದೇ ಚೌಕಟ್ಟಿನಲ್ಲಿ ಬರಲಿ. ಬೆಳಕು ಒಂದು ಬದಿಯಿಂದ ಓರೆಯಾಗಿ ಬೀಳಲಿ.

ಒಂದೇ ಒಂದು ಹನಿಯನ್ನು ಆರಿಸಿಕೊಂಡು ಕಣ್ಣಿಡಿ. ಮೊದಲು ಅದು ತಿಳಿಯಾಗಿದೆ, ಅಡಿಯ ಫಾಯಿಲ್ ಹೊಳೆಯುವುದು ಕಾಣುತ್ತದೆ. ಮೈನಸ್ 8, ಮೈನಸ್ 9, ಏನೂ ಇಲ್ಲ. ಇದ್ದಕ್ಕಿದ್ದಂತೆ, ಕಣ್ಣು ಮಿಟುಕಿಸುವಷ್ಟರಲ್ಲಿ, ಇಡೀ ಹನಿ ಮಬ್ಬಾಗುತ್ತದೆ. ಆ ಕ್ಷಣವನ್ನೇ ಬರೆದುಕೊಳ್ಳಬೇಕು. ಆದರೆ ಹನಿ ಆಗಲೇ ಪೂರ್ತಿ ಗಟ್ಟಿಯಾಗಿಲ್ಲ. ನೀರು ಐಸ್ ಆಗುವಾಗ ಗ್ರಾಂಗೆ 334 ಜೂಲ್ ಶಾಖ ಹೊರಬರುತ್ತದೆ, ಆ ಶಾಖ ಹನಿಯನ್ನು ತಟಕ್ಕನೆ ಸೊನ್ನೆ ಡಿಗ್ರಿಗೆ ಏರಿಸಿಬಿಡುತ್ತದೆ. ಮೈನಸ್ 12ರಲ್ಲಿ ಶುರುವಾದರೆ ಮೊದಲ ಹೊಡೆತಕ್ಕೆ ಐಸ್ ಆಗುವುದು ಹನಿಯ ಸುಮಾರು 15 ಶೇಕಡಾ ಮಾತ್ರ. ಉಳಿದದ್ದು ಶಾಖ ತಟ್ಟೆಗೆ ಇಳಿದಂತೆ ಕೆಳಗಿನಿಂದ ಮೇಲಕ್ಕೆ, ಕೆಲವು ಸೆಕೆಂಡುಗಳಲ್ಲಿ ಗಟ್ಟಿಯಾಗುತ್ತದೆ. ಐಸ್‌ಗೆ ನೀರಿಗಿಂತ ಜಾಸ್ತಿ ಜಾಗ ಬೇಕು, ಕೊನೆಗೆ ಉಳಿದ ನೀರಿಗೆ ಹೋಗಲು ಬೇರೆ ದಾರಿಯಿಲ್ಲ, ಮೇಲಕ್ಕೇ ತಳ್ಳಲ್ಪಡುತ್ತದೆ. ಗುಂಡಗಿದ್ದ ಹನಿಯ ನೆತ್ತಿಯಲ್ಲಿ ಒಂದು ಚೂಪು ತುದಿ ಮೂಡುತ್ತದೆ. ಇದನ್ನು ನೋಡಲಿಕ್ಕೇ ಒಂದು ಸುತ್ತು ಹೆಚ್ಚಿಗೆ ಮಾಡಿದರೂ ನಷ್ಟವಿಲ್ಲ.

ಎಲ್ಲ ಹನಿಗಳೂ ಒಂದೇ ಉಷ್ಣಾಂಶಕ್ಕೆ ಗಟ್ಟಿಯಾಗುವುದಿಲ್ಲ. ಒಂದೇ ಬಾಟಲಿಯ ನೀರು, ಒಂದೇ ಪುಡಿ, ಆದರೂ ಒಂದು ಹನಿ ಮೈನಸ್ 9ಕ್ಕೆ, ಪಕ್ಕದ್ದು ಮೈನಸ್ 13ಕ್ಕೆ. ಇದು ಪ್ರಯೋಗದ ದೋಷವಲ್ಲ, ಇದೇ ಫಲಿತಾಂಶ. ಒಳ್ಳೆಯ ಜಾಗ ಇರುವ ಕಣ ಯಾವ ಹನಿಯ ಪಾಲಿಗೆ ಬಂತು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಹೆಜ್ಜೆ 6: ಲೆಕ್ಕ

ಪ್ರತಿ ಅರ್ಧ ಡಿಗ್ರಿಗೆ ಎಷ್ಟು ಹನಿ ಗಟ್ಟಿಯಾಗಿದ್ದವು ಅಂತ ಎಣಿಸಿ. ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಮೈನಸ್ 12ರಲ್ಲಿ 40ರಲ್ಲಿ 25 ಹನಿ ಗಟ್ಟಿ. ಪಾಲು 0.625. ಉಳಿದ ಪಾಲು 0.375. ಇದರ ನ್ಯಾಚುರಲ್ ಲಾಗ್ (ಕ್ಯಾಲ್ಕುಲೇಟರ್‌ನ ln ಬಟನ್) ತೆಗೆದುಕೊಂಡು ಮೈನಸ್ ಚಿಹ್ನೆ ಬಿಟ್ಟರೆ 0.98. ಅಂದರೆ ಮೈನಸ್ 12ರೊಳಗೆ ಕೆಲಸ ಮಾಡುವ ಜಾಗಗಳು ಸರಾಸರಿ ಹನಿಗೊಂದು. ಸುಮ್ನೆ 0.625 ಅಂತ ಇಟ್ಟುಕೊಳ್ಳಬಾರದು, ಯಾಕೆಂದರೆ ಕೆಲವು ಹನಿಗಳಲ್ಲಿ ಅಂಥ ಜಾಗ ಎರಡೋ ಮೂರೋ ಇರುತ್ತವೆ, ಆದರೆ ಹನಿ ಗಟ್ಟಿಯಾಗುವುದು ಒಂದೇ ಸಲ. ಲಾಗ್ ಆ ಕೊರತೆ ತುಂಬುತ್ತದೆ.

ಬರೀ ನೀರಿನ ಸುತ್ತಿನಲ್ಲಿ ಅದೇ ಉಷ್ಣಾಂಶಕ್ಕೆ 40ರಲ್ಲಿ 2 ಹನಿ ಗಟ್ಟಿಯಾಗಿದ್ದರೆ ಅದರದ್ದು 0.05. ಕಳೆಯಿರಿ: 0.93.

ಈಗ ಮೇಲ್ಮೈ. 2 ಮೈಕ್ರೋಲೀಟರ್ ಹನಿಯಲ್ಲಿ 2 ಮೈಕ್ರೋಗ್ರಾಂ ಪುಡಿ. ಸರಾಸರಿ 2 ಮೈಕ್ರೋಮೀಟರ್ ದಪ್ಪದ ಗುಂಡು ಕಣ ಅಂದುಕೊಂಡರೆ ಗ್ರಾಂಗೆ ಸುಮಾರು 1.2 ಚದರ ಮೀಟರ್ ಮೇಲ್ಮೈ. ಲೆಕ್ಕ ಸುಲಭವಾಗಲಿ ಅಂತ 1 ಇಟ್ಟುಕೊಳ್ಳಿ. ಆಗ ಹನಿಯೊಳಗಿನ ಒಟ್ಟು ಮೇಲ್ಮೈ 0.02 ಚದರ ಸೆಂಟಿಮೀಟರ್. 0.93ನ್ನು ಇದರಿಂದ ಭಾಗಿಸಿದರೆ 46 ಚಿಲ್ಲರೆ. ಒಂದು ಚದರ ಸೆಂಟಿಮೀಟರ್ ಫೆಲ್ಡ್‌ಸ್ಪಾರ್ ಮೇಲ್ಮೈಯಲ್ಲಿ ಮೈನಸ್ 12ರೊಳಗೆ ಐಸ್ ಹುಟ್ಟಿಸಬಲ್ಲ ಜಾಗ ಐವತ್ತಕ್ಕಿಂತ ಕಡಿಮೆ! ಒಂದು ಕಣದ ಮೈ ಎಷ್ಟು ಚಿಕ್ಕದು ಅಂತ ಯೋಚಿಸಿ. ಲಕ್ಷಗಟ್ಟಲೆ ಕಣಗಳಲ್ಲಿ ಒಂದೋ ಎರಡೋ ಮಾತ್ರ ಈ ಉಷ್ಣಾಂಶದಲ್ಲಿ ಪ್ರಯೋಜನಕ್ಕೆ ಬರುತ್ತವೆ. ಅತ್ಯಂತ ಚುರುಕಾದ ಖನಿಜದ ಕಥೆಯೇ ಇದು.

ಹತ್ತು ಪಟ್ಟು ತೆಳುವಾದ ದ್ರಾವಣದಲ್ಲೂ ಇದನ್ನೇ ಮಾಡಿ. ಫೆಲ್ಡ್‌ಸ್ಪಾರ್ ಆದರೆ ಅರ್ಧ ಹನಿಗಳು ಗಟ್ಟಿಯಾಗುವ ಉಷ್ಣಾಂಶ ಸುಮಾರು 2 ಡಿಗ್ರಿ ಕೆಳಗೆ ಜರುಗಬೇಕು. ಮೇಲ್ಮೈಯಿಂದ ಭಾಗಿಸಿದ ಮೇಲೆ ಎರಡು ಸುತ್ತಿನ ಚುಕ್ಕೆಗಳು ಗ್ರಾಫ್‌ನಲ್ಲಿ ಒಂದೇ ಗೆರೆಗೆ ಬಂದು ಕೂರಬೇಕು. ಕೂರದಿದ್ದರೆ ಪುಡಿ ಗಂಟು ಕಟ್ಟಿದೆ, ಅಥವಾ ನೀರು ಕೊಳೆಯಾಗಿದೆ.

ಹೆಜ್ಜೆ 7: ಧೂಳೇನಾ, ಬ್ಯಾಕ್ಟೀರಿಯಾನಾ?

ಇದನ್ನು ಬಿಟ್ಟರೆ ಇಡೀ ಪ್ರಯೋಗಕ್ಕೆ ಅರ್ಥವಿಲ್ಲ. ಗಿಡದ ಎಲೆಗಳ ಮೇಲಿರುವ ಸ್ಯೂಡೊಮೊನಾಸ್ ಸಿರಿಂಜೆ ಅನ್ನುವ ಬ್ಯಾಕ್ಟೀರಿಯಾ ಮೈನಸ್ 2ರಲ್ಲೇ ಐಸ್ ಹುಟ್ಟಿಸಬಲ್ಲದು, ಖನಿಜಗಳಿಗೆ ಸಾಮಾನ್ಯವಾಗಿ ಆಗದ ಕೆಲಸ. ಹೊಲದ ಮಣ್ಣು ಪರೀಕ್ಷಿಸುವಾಗ ಇಂಥವು ಇದ್ದೇ ಇರುತ್ತವೆ.

ದ್ರಾವಣದ ಅರ್ಧವನ್ನು ಮುಚ್ಚಿದ ಟ್ಯೂಬ್‌ನಲ್ಲಿ ಕುದಿಯುವ ನೀರಿನೊಳಗೆ ಅರ್ಧ ಗಂಟೆ ಇಡಿ. ಬ್ಯಾಕ್ಟೀರಿಯಾದಲ್ಲಿ ಐಸ್ ಹುಟ್ಟಿಸುವ ಪ್ರೋಟೀನ್ ಹಾಳಾಗುತ್ತದೆ, ಫೆಲ್ಡ್‌ಸ್ಪಾರ್‌ಗೆ ಹೆಚ್ಚೇನೂ ಆಗುವುದಿಲ್ಲ. ಕುದಿಸಿದ ಮೇಲೆ ಹನಿಗಳು ಮೊದಲಿಗಿಂತ ತಣ್ಣಗೆ ಹೋಗಿ ಗಟ್ಟಿಯಾದರೆ, ಮೊದಲು ಕೆಲಸ ಮಾಡುತ್ತಿದ್ದದ್ದು ಜೀವಿಗಳ ವಸ್ತು. ಬದಲಾಗದಿದ್ದರೆ ಖನಿಜ. ಕ್ವಾರ್ಟ್ಜ್‌ನಲ್ಲಿ ಮಾತ್ರ ಕುದಿಸಿದರೆ ಏರುಪೇರು ಆಗಬಹುದು, ಅದರ ಫಲಿತಾಂಶವನ್ನು ಎಚ್ಚರಿಕೆಯಿಂದ ಓದಿ.

ಮೋಡಕ್ಕೆ ಇದನ್ನು ಹೊಂದಿಸುವುದು

ಮರುಭೂಮಿಗಳಿಂದ ವರ್ಷಕ್ಕೆ ನೂರಾರು ಕೋಟಿ ಟನ್ ಧೂಳು ಏಳುತ್ತದೆ, ಅರ್ಧಕ್ಕಿಂತ ಹೆಚ್ಚು ಉತ್ತರ ಆಫ್ರಿಕದ್ದು. ಅಷ್ಟಿದ್ದರೂ ಮೈನಸ್ 20ರಲ್ಲಿ ಒಂದು ಲೀಟರ್ ಗಾಳಿಯಲ್ಲಿ ಐಸ್ ಹುಟ್ಟಿಸುವ ಕಣ ಸಾಮಾನ್ಯವಾಗಿ ಒಂದರ ಆಸುಪಾಸು. ಅದೇ ಲೀಟರ್‌ನಲ್ಲಿ ಮೋಡದ ಹನಿಗಳು ಲಕ್ಷದ ಲೆಕ್ಕದಲ್ಲಿರುತ್ತವೆ. ಆದರೂ ಆ ಒಂದು ಸಾಕು. ಐಸ್ ಹರಳಿನ ಸುತ್ತ ಆವಿಯ ಒತ್ತಡ ನೀರಿನ ಹನಿಗಿಂತ ಕಡಿಮೆ ಇರುವುದರಿಂದ ಸುತ್ತಲಿನ ಹನಿಗಳು ಆವಿಯಾಗುತ್ತ ಹೋಗುತ್ತವೆ, ಹರಳು ಬೆಳೆಯುತ್ತ ಹೋಗುತ್ತದೆ. ದೊಡ್ಡದಾಗಿ ಬೀಳುತ್ತದೆ, ಕೆಳಗೆ ಕರಗಿ ಮಳೆಯಾಗುತ್ತದೆ. ಇದನ್ನು ವಿಜ್ಞಾನಿ ವೆಗೆನರ್ 1911ರಲ್ಲಿ ಸೂಚಿಸಿದ್ದರು, ಬೆರ್ಗೆರಾನ್ ಮತ್ತು ಫಿಂಡೈಸೆನ್ 1930ರ ದಶಕದಲ್ಲಿ ಬೆಳೆಸಿದರು.

ನಮ್ಮ ಮುಂಗಾರಿನಲ್ಲಿ ಸೊನ್ನೆ ಡಿಗ್ರಿ ಮಟ್ಟ ಸುಮಾರು 5 ಕಿಲೋಮೀಟರ್ ಮೇಲಿದೆ. ಪಶ್ಚಿಮ ಘಟ್ಟದ ಎಷ್ಟೋ ಮಳೆ ಅಷ್ಟು ಎತ್ತರ ಮುಟ್ಟದ ಮೋಡಗಳಿಂದಲೇ ಬರುತ್ತದೆ, ಅಲ್ಲಿ ಐಸ್‌ಗೆ ಪಾತ್ರವಿಲ್ಲ. ಎತ್ತರದ ಗುಡುಗು ಮೋಡಗಳ ಮಾತು ಬೇರೆ. 2017ರ 'ವರ್ಷಧಾರೆ' ಮೋಡ ಬಿತ್ತನೆಯ ಸಮಯದಲ್ಲಿ, ಮೋಡದಲ್ಲಿ ಐಸ್ ಹುಟ್ಟಿಸಲು ಬಳಸುವ ಸಿಲ್ವರ್ ಅಯೊಡೈಡ್ ಹೆಸರು ಎಲ್ಲರ ಬಾಯಲ್ಲಿತ್ತು. 1946ರಲ್ಲಿ ಅಮೆರಿಕದ ವಿಜ್ಞಾನಿ ಬರ್ನಾರ್ಡ್ ವಾನೆಗಟ್ ಅದನ್ನು ಆರಿಸಿದ್ದು ಅದರ ಹರಳಿನ ಅಳತೆ ಐಸ್‌ಗೆ ಬಹಳ ಹತ್ತಿರ ಇದೆ ಅನ್ನುವ ಕಾರಣಕ್ಕೆ. ಬಿತ್ತನೆಯಿಂದ ಮಳೆ ಬರುತ್ತದೋ ಇಲ್ಲವೋ ಅನ್ನುವ ಚರ್ಚೆಗೆ ಇಳಿಯುವ ಮೊದಲು ಆ ಮೋಡದ ತಲೆ ಸೊನ್ನೆಗಿಂತ ಕೆಳಗೆ ಹೋಗಿತ್ತಾ, ಅಲ್ಲಿ ಮೊದಲೇ ಎಷ್ಟು ಧೂಳಿತ್ತು ಅಂತ ಕೇಳಬೇಕು. ಈ ಎರಡು ಪ್ರಶ್ನೆ ಕೇಳದೆ ನಡೆಯುವ ವಾದ ನನಗೆ ವಾದವೇ ಅನ್ನಿಸುವುದಿಲ್ಲ.

ಮೈನಸ್ 3ರಿಂದ ಮೈನಸ್ 8ರ ನಡುವೆ ಇನ್ನೊಂದು ಆಟವಿದೆ. ಆಗಲೇ ಇರುವ ಐಸ್ ಕಣಗಳಿಗೆ ಹನಿಗಳು ಅಂಟುವಾಗ ಚೂರುಗಳು ಸಿಡಿದು ಐಸ್ ಸಂಖ್ಯೆ ಹೆಚ್ಚುತ್ತದೆ. ಹ್ಯಾಲೆಟ್ ಮತ್ತು ಮಾಸಪ್ 1974ರಲ್ಲಿ ತೋರಿಸಿದ್ದು. ಹಾಗಾಗಿ ಮೋಡದಲ್ಲಿ ಎಣಿಸಿದ ಐಸ್ ಹರಳುಗಳೂ ಧೂಳಿನ ಕಣಗಳೂ ಸರಿಹೊಂದದಿದ್ದರೆ ನಿಮ್ಮ ತಟ್ಟೆಯನ್ನು ಬೈಯಬೇಡಿ.

ಮುಂದಿನ ಸುತ್ತಿಗೆ

ಫೆಲ್ಡ್‌ಸ್ಪಾರ್ ಸುತ್ತು ಚೆನ್ನಾಗಿ ಬಂದ ಮೇಲೆ ಅದೇ ದ್ರಾವಣವನ್ನು ಮೂರು ಪಾಲು ಮಾಡಿ. ಒಂದನ್ನು ಹಾಗೇ ಬಿಡಿ. ಇನ್ನೊಂದಕ್ಕೆ ಲ್ಯಾಬ್ ದರ್ಜೆಯ ಅಮೋನಿಯಂ ಸಲ್ಫೇಟ್ ಸ್ವಲ್ಪ, 100 ಮಿಲಿಲೀಟರ್‌ಗೆ 0.2 ಗ್ರಾಂನಷ್ಟು. ಮೂರನೆಯದಕ್ಕೆ ಅಷ್ಟೇ ತೂಕದ ಸೋಡಿಯಂ ಕ್ಲೋರೈಡ್. ಉಪ್ಪು ಯಾವುದಾದರೂ ನೀರಿನ ಹೆಪ್ಪುಗಟ್ಟುವ ಬಿಂದುವನ್ನು ಇಳಿಸುತ್ತದೆ, ಎರಡೂ ಒಂದೇ ಥರ ವರ್ತಿಸಬೇಕು ಅನ್ನಿಸುತ್ತದೆ. ವರ್ತಿಸುವುದಿಲ್ಲ. ಅಮೋನಿಯಂ ಬೆರೆತ ಹನಿಗಳು ಬರೀ ಫೆಲ್ಡ್‌ಸ್ಪಾರ್‌ಗಿಂತ ಬೇಗ, ಹೆಚ್ಚು ಬೆಚ್ಚಗಿನ ಉಷ್ಣಾಂಶದಲ್ಲೇ ಗಟ್ಟಿಯಾಗುತ್ತವೆ. ಸೋಡಿಯಂ ಬೆರೆತವು ತಡ ಮಾಡುತ್ತವೆ. ಧೂಳು ಗಾಳಿಯಲ್ಲಿ ಪಯಣಿಸುವಾಗ ಅದರ ಮೈಗೆ ಅಂಟಿಕೊಳ್ಳುವ ಮಾಲಿನ್ಯದಲ್ಲಿ ಅಮೋನಿಯಂ ಸಲ್ಫೇಟ್ ಬಹಳ ಸಾಮಾನ್ಯ, ಸಮುದ್ರ ದಾಟಿ ಬಂದರೆ ಸೋಡಿಯಂ ಕ್ಲೋರೈಡ್. ಎರಡೂ ಸುತ್ತಿನ ಗ್ರಾಫನ್ನು ಮೊದಲನೆಯದರ ಮೇಲೇ ಎಳೆಯಿರಿ, ಬೇರೆ ಹಾಳೆಯಲ್ಲಿ ಬೇಡ.